ದೊಡ್ಡವ್ವನ ಟೊಂಕಕ್ಕೆ ನನ್ನ ಮೂರು ಒದೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅರವತ್ತು ದಾಟಿದ ನಮ್ಮ ದೊಡ್ಡವ್ವನ ಸೊಂಟಕ್ಕೆ ನಾನು ಒದ್ದಿದ್ದೇನೆ. ಒಂದಲ್ಲ, ಮೂರು ಸಲ. ಅದೂ ಸ್ನಾನ ಮಾಡಿ, ಭಕ್ತಿಯಿಂದ.

ಪೇಪರ್ ಮಡಚಿ ಪೊಲೀಸರಿಗೆ ಫೋನ್ ಮಾಡುವ ಮುಂಚೆ ಪೂರ್ತಿ ಕೇಳಿ. ನಾನು ಹುಟ್ಟುವಾಗ ತಲೆಯ ಬದಲು ಕಾಲು ಮೊದಲು ಹೊರಗೆ ಬಂತಂತೆ. ನಮ್ಮ ಕಡೆ ಇಂಥವರ ಕಾಲಿಗೆ ಭಾರಿ ಬೆಲೆ. ಟೊಂಕ ಹಿಡಿದವರಿಗೆ ನಾವು ಮೂರು ಸಲ ಒದ್ದರೆ ನೋವು ಓಡಿಹೋಗುತ್ತದೆ ಎಂಬ ನಂಬಿಕೆ. ಐದನೇ ವಯಸ್ಸಿನಿಂದ ಕಮಲಾಪುರದ ನಮ್ಮ ಅರ್ಧ ಓಣಿಯನ್ನು ಒದ್ದಿದ್ದೇನೆ. ಹೆಡ್ ಮಾಸ್ತರರನ್ನೂ ಒದ್ದಿದ್ದೇನೆ, ಅವರೇ ಕೇಳಿಕೊಂಡಿದ್ದಕ್ಕೆ. ಅಂಥ ಭಾಗ್ಯ ಎಷ್ಟು ವಿದ್ಯಾರ್ಥಿಗಳಿಗೆ ಸಿಗುತ್ತದೆ?

ನನ್ನ ಇನ್ನೊಂದು ಚಟ ಮಿಮಿಕ್ರಿ, ಈ ಅಂಕಣ ಓದುವವರಿಗೆ ಗೊತ್ತೇ ಇದೆ. ಈ ವರ್ಷದ ಹಿಟ್ ಐಟಂ ದೊಡ್ಡವ್ವನ ನಡಿಗೆ. ಇಪ್ಪತ್ತು ಹೆಜ್ಜೆ, ಎಡಗಾಲಿನ ಎಳೆತ, ತೊಡೆಯ ಮೇಲೆ ಕೈ, ಆಮೇಲೆ ಸಿಕ್ಕ ಕಟ್ಟೆಯ ಮೇಲೆ ಮುಂದಕ್ಕೆ ಬಾಗಿ ಕೂತು ಒಂದು ಉದ್ದ ನಿಟ್ಟುಸಿರು. ಮದುವೆ ಮನೆಯಲ್ಲಿ ಮಾಡಿ ತೋರಿಸಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ದೊಡ್ಡವ್ವನೂ ನಕ್ಕಳು, ಕೂತಲ್ಲೇ.

ಆದರೆ ಕೆಂಪು ಬಾಳೆಹಣ್ಣು ಹರವಿಕೊಂಡು ಒಂದೂ ಸಂತೆ ತಪ್ಪಿಸದವಳು ಸಾಲಾಗಿ ನಾಲ್ಕು ಸಂತೆ ತಪ್ಪಿಸಿದಳು. ಐದನೆಯದಕ್ಕೆ ನನ್ನನ್ನು ಕರೆಸಿದಳು. ಯಾಕೆ? ಒದೆಯಲು.

ಒದ್ದೆ. "ಹಗುರಾತು ನೋಡೋ" ಎಂದಳು. ಮರುದಿನ ಬೆಳಿಗ್ಗೆ ಅವಳ ಎಡಗಾಲು ಪೃಷ್ಠದಿಂದ ಹೆಬ್ಬೆರಳಿನವರೆಗೆ ಜುಮುಜುಮು. "ಕರೆಂಟ್ ಹೊಡದಂಗ ಆಗ್ಲಾಕತ್ತದ, ತಮ್ಮಾ. ಇನ್ನ ನಾ ಸಂತಿಗಿ ಹೋಗೂದು ಮುಗೀತೇನು?"

ನನ್ನ ಕಾಲನ್ನು ನಾನೇ ನೋಡಿಕೊಂಡೆ. ಇದರ ಕೆಲಸವೇ?

ಅವತ್ತೇ ಅವಳನ್ನು ಬಸ್ ಹತ್ತಿಸಿಕೊಂಡು ಕಲಬುರಗಿಗೆ ಹೊರಟೆ. ದಿನಾ ನನ್ನಿಂದ ಅಣಕಿಸಿಕೊಳ್ಳುವ ಕಂಡಕ್ಟರ್ ಕೇಳಿಯೇಬಿಟ್ಟ, "ಯಾಕ್ರಿ, ಇವತ್ತ ರೇಡಿಯೋ ಬಂದ್ ಅದ?"

ಸ್ಟೇಶನ್ ಬಜಾರಿನ ಗದ್ದಲ ದಾಟಿ ಎಲುಬಿನ ಡಾಕ್ಟರಮ್ಮನ ಮುಂದೆ ಕೂತೆವು. ಅಲ್ಲಿ ದೊಡ್ಡವ್ವ ಪಲ್ಟಿ ಹೊಡೆದಳು. "ಅಂಥದ್ದೇನಿಲ್ರಿ. ಈ ಹುಡುಗ ಅಂಜಿ ಕರ್ಕೊಂಡು ಬಂದಾನ." ನಡೆದು ತೋರಿಸಿ ಅಂದರೆ ಆರು ಹೆಜ್ಜೆ ನೆಟ್ಟಗೆ, ಬೀಗರ ಮನೆಗೆ ಹೊರಟವಳಂತೆ. (ಡಾಕ್ಟರ ಮುಂದೆ ನಾವೆಲ್ಲ ಯಾಕೆ ಹೀಗೆ ಗಟ್ಟಿಮುಟ್ಟಾಗಿಬಿಡುತ್ತೇವೆ?)

ನಾನು ಎದ್ದೆ. ಇಪ್ಪತ್ತು ಹೆಜ್ಜೆ, ಎಳೆತ, ತೊಡೆಯ ಮೇಲೆ ಕೈ, ಮುಂದಕ್ಕೆ ಬಾಗಿ ಸ್ಟೂಲಿನ ಮೇಲೆ ನಿಟ್ಟುಸಿರು.

"ಏ ಖೋಡಿ, ನಾ ಹಂಗ ನಡೀತೀನೇನು?"

ಡಾಕ್ಟರಮ್ಮ ನಗಲಿಲ್ಲ. "ಇನ್ನೊಮ್ಮೆ ಮಾಡ್ರಿ" ಎಂದರು. ನನ್ನ ಕಲೆಗೆ ಆಸ್ಪತ್ರೆಯಲ್ಲಿ ಒನ್ಸ್ ಮೋರ್! ಮಾಡಿದೆ. "ಬಾಗಿ ಕುಂತಾಗ ಆರಾಮ ಅನಸ್ತದೇನವ್ವ?" ಎಂದು ದೊಡ್ಡವ್ವನನ್ನು ಕೇಳಿದರು.

ಅವಳು ಸೆರಗು ಸರಿಮಾಡಿಕೊಂಡಳು. "ಹೌದ್ರಿ. ಕುಂತ್ರ ಕಾಲು ಬಿಟ್ಟಂಗ ಆಗ್ತದ. ನಿಂತ್ರ ಮತ್ತ ಹಿಡೀತದ."

ನಿಲ್ಲಿಸಿ, ಬಾಗಿಸಿ ಎಕ್ಸ್‌ರೇ ತೆಗೆದರು. ಬೆನ್ನುಮೂಳೆಯ ಕೆಳಭಾಗದಲ್ಲಿ ಒಂದು ಎಲುಬು ಇನ್ನೊಂದರ ಮೇಲಿಂದ ಮುಂದಕ್ಕೆ ಜಾರಿತ್ತು, ಕಾಲಿಗೆ ಹೋಗುವ ನರವನ್ನು ಅದುಮಿತ್ತು. "ರೊಟ್ಟಿ ಒಂದರ ಮ್ಯಾಲ ಒಂದು ಇಟ್ಟಾಗ ನಡುವಿಂದೊಂದು ಮುಂದ ಸರೀತದಲ್ಲ, ಹಂಗ" ಎಂದರು.

"ರೊಟ್ಟಿ ಆದ್ರ ನಾವು ತಳ್ಳಿ ಕೂಡಸ್ತೀವಲ್ರಿ?" ಎಂದಳು ದೊಡ್ಡವ್ವ.

"ಇದನ್ನ ತಳ್ಳಂಗಿಲ್ಲವ್ವ. ಜಗ್ಗಂಗಿಲ್ಲ, ತಿಕ್ಕಸಂಗಿಲ್ಲ."

ಒದಿಯಂಗಿಲ್ಲ ಎಂಬುದು ಪಟ್ಟಿಯಲ್ಲಿರಲಿಲ್ಲ, ಅವರಿಗೆ ಹೊಳೆದೇ ಇರಲಿಲ್ಲ. ಎಲ್ಲ ಹೇಳಿಬಿಟ್ಟೆ. ಪೆನ್ನು ನಿಂತಿತು. ನನ್ನ ಮುಖ ನೋಡಿದರು, ಕಾಲು ನೋಡಿದರು.

"ಇದು ವರ್ಷಗಟ್ಟಲೆ ನಿಧಾನಕ್ಕ ಜಾರೇದ. ನಿಮ್ಮ ಒದಿಲಿಂದ ಅಲ್ಲ. ಆದ್ರ ನಸೀಬ ಛಲೋ ಇತ್ತು ನಿಮ್ಮದು. ಇನ್ನೊಮ್ಮೆ ಮಾಡಬ್ಯಾಡ್ರಿ."

ಅಷ್ಟು ಹಿತವಾದ ಬೈಗುಳ ನಾನು ತಿಂದಿರಲಿಲ್ಲ. ಕಾಲಿನ ಬಲ ಚೆನ್ನಾಗಿದೆ, ಸದ್ಯ ಆಪರೇಷನ್ ಬೇಡ, ಎಂದರು. ಕೆಲವು ವಾರ ಮಾತ್ರೆ, ಬೆಲ್ಟು. ಬುಟ್ಟಿ ಎತ್ತುವುದು ಬಂದ್. ಹೊಟ್ಟೆ, ಬೆನ್ನಿನ ಸ್ನಾಯು ಗಟ್ಟಿಯಾಗಲು ದಿನಾ ವ್ಯಾಯಾಮ. ಕಾಲು ಸೋತರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಆ ಕ್ಷಣವೇ ಓಡಿ ಬರಬೇಕು.

ದೊಡ್ಡವ್ವ ವ್ಯಾಯಾಮ ತಪ್ಪಿಸಲಿಲ್ಲ. ಅಂಗಾತ ಮಲಗಿ ಸೊಂಟ ಎತ್ತಿ ಹತ್ತು ಎಣಿಸುವಾಗ ಏಳಾದ ಮೇಲೆ ನೇರ ಹತ್ತಕ್ಕೆ ಹಾರುತ್ತಾಳೆ. (ಇದೇ ನನ್ನ ಹೊಸ ಐಟಂ.) ನಾಲ್ಕನೇ ತಿಂಗಳು ಸಂತೆಗೆ ಹೋದಳು. ಬುಟ್ಟಿ ಹೊತ್ತವನು ನಾನು. ದಾರಿಯ ಒಂದು ಕಟ್ಟೆಯ ಮೇಲೂ ಅವಳು ಕೂರಲಿಲ್ಲ. ನಾನು ಎರಡರ ಮೇಲೆ ಕೂತೆ.

ಪಕ್ಕದಲ್ಲಿ ಉಳ್ಳಾಗಡ್ಡಿ ಮಾರುವ ಚಾಚಾ ಸೊಂಟ ಹಿಡಿದುಕೊಂಡು ಬಂದರು. "ಬೇಟಾ, ಕಮರ್ ಹಿಡದದ. ಮೂರು ಸಲ ಒದ್ದು ಹೋಗೋ."

ಹಳೇ ಚಟ. ನನ್ನ ಕಾಲು ಚಪ್ಪಲಿಯಿಂದ ಅರ್ಧ ಹೊರಗೆ ಬಂದಿತ್ತು.

ದೊಡ್ಡವ್ವ ಹಣ್ಣು ಜೋಡಿಸುತ್ತಲೇ, ತಲೆ ಎತ್ತದೆ ಹೇಳಿದಳು: "ದವಾಖಾನಿಗಿ ಹೋಗ್ರಿ ಭಾಯಿ. ಇವನವು ಕಾಲು ಮೊದಲ ಬಂದಾವ, ಖರೆ. ತಲಿ ಇನ್ನಾ ಬರೋದದ."