ನಾಯಿಗೆ ಅಡ್ಡಿಯಿಲ್ಲದ ಮನೆ

ಮೊದಲು ನೋಡಿದ್ದು ಕಾಪುವಿನ ಮನೆ ಎಂದು ಬರೆದು, ಹೊಡೆದುಹಾಕಿದೆ. ಕಾರ್ಕಳದ್ದೂ ಇರಬಹುದು. ಆ ದಿನಗಳಲ್ಲಿ ನಾನೂ ಹೆಂಡತಿಯೂ ಮೊಬೈಲಿನಲ್ಲಿ ಎಷ್ಟು ಮನೆಗಳ ಫೋಟೋ ನೋಡಿದ್ದೆವೆಂದರೆ, ಈಗ ನೆನೆಸಿಕೊಂಡರೆ ಒಂದರ ಅಂಗಳದಲ್ಲಿ ಇನ್ನೊಂದರ ಬಾವಿ ಬಂದು ಕೂರುತ್ತದೆ. ಬೇಕಾಗಿದ್ದದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ: ಒಂದು ವಾರಕ್ಕೆ ಬಾಡಿಗೆಗೆ ಸಿಗುವ, ನಾಯಿಯನ್ನು ಬೇಡವೆನ್ನದ, ಸುತ್ತ ಮೆತ್ತನೆಯ ನೆಲವಿರುವ ಹಳ್ಳಿಮನೆ.

ನಾಯಿಗೆ ವಯಸ್ಸಾಗಿತ್ತು. ಹಿಂಗಾಲುಗಳು ಅವನ ಮಾತು ಕೇಳುತ್ತಿರಲಿಲ್ಲ. ಮಣಿಪಾಲದ ನಮ್ಮ ಫ್ಲ್ಯಾಟಿನ ಹೊಳೆಯುವ ಟೈಲ್ಸಿನ ಮೇಲೆ ಎದ್ದು ನಿಲ್ಲಲು ಹೋಗಿ, ಎರಡೂ ಕಾಲು ಎರಡು ಕಡೆಗೆ ಜಾರಿ, ಕಪ್ಪೆಯ ಹಾಗೆ ಮಲಗಿಬಿಡುತ್ತಿದ್ದ. ಮನೆ ಇರುವುದು ಮೂರನೆಯ ಮಹಡಿಯಲ್ಲಿ. ಲಿಫ್ಟಿನಲ್ಲಿ ನಾಯಿ ಕೂಡದೆಂದು ಅಸೋಸಿಯೇಶನ್ನಿನವರ ನಿಯಮ. ಹಾಗಾಗಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅವನನ್ನು ಎತ್ತಿಕೊಂಡು ಇಳಿಯುವುದು, ಗೇಟಿನ ಪಕ್ಕದ ಮಣ್ಣಿನಲ್ಲಿ ಹಿಡಿದು ನಿಲ್ಲಿಸುವುದು, ಮತ್ತೆ ಎತ್ತಿಕೊಂಡು ಹತ್ತುವುದು ನನ್ನ ಕೆಲಸ. ನನ್ನ ಸೊಂಟ ಹೋಗಿತ್ತು. ನಿದ್ದೆಯೂ ಹೋಗಿತ್ತು.

ಡಾಕ್ಟರು ಅವನ ಕಾಲು ಒತ್ತಿ ನೋಡಿ ಹೇಳಿದ್ದು ಇಷ್ಟು: “ಟೈಲ್ಸಿನ ಮೇಲೆ ಇವನಿಗೆ ಹಿಡಿತ ಸಿಗುವುದಿಲ್ಲ. ನಾಲ್ಕು ದಿನ ಮಣ್ಣಿನ ಮೇಲೆ ಬಿಟ್ಟು ನೋಡಿ. ಎದ್ದು ನಡೆದರೆ ಮಾತ್ರೆ ಮುಂದುವರಿಸುವ. ಇಲ್ಲದಿದ್ದರೆ ಒಂದು ಫೋನ್ ಮಾಡಿ, ನಾನೇ ಮನೆಗೆ ಬರ್ತೇನೆ.”

ಯಾತಕ್ಕೆ ಬರುತ್ತಾರೆ ಎಂದು ಅವರು ಹೇಳಲಿಲ್ಲ. ಕೊನೆಯ ಇಂಜೆಕ್ಷನ್ ಕೊಡಲಿಕ್ಕೆಂದು ನಮಗೆ ಗೊತ್ತಿತ್ತು. ಕಾರಿನಲ್ಲಿ ಕೂತ ಮೇಲೆ ಹೆಂಡತಿ ಹೇಳಿದಳು, “ಮಣ್ಣು ಸಿಕ್ಕಿದರೆ ಏಳುತ್ತಾನೆ.” ನಾನು ಕಾರು ಹೊರಡಿಸಿದೆ. ಅವಳಿಗೆ ನಂಬಿಕೆ ಇತ್ತು, ನನಗೆ ದಣಿವಿತ್ತು.

ಕಾಪುವಿನ ಮನೆಯ ಫೋಟೋದಲ್ಲಿ ಮರಳು ಹೊಸ್ತಿಲವರೆಗೂ ಬಂದಿತ್ತು. ಹೋಗಿ ನೋಡಿದರೆ ಮನೆಗೂ ಮರಳಿಗೂ ನಡುವೆ ಒಂದು ರಸ್ತೆ, ಅದರಾಚೆ ಕಡಲು ಕೊರೆಯದಿರಲೆಂದು ಸುರಿದ ಕರಿಕಲ್ಲಿನ ರಾಶಿ. “ಕಲ್ಲು ದಾಟಿದ್ರೆ ಆಯ್ತಲ್ಲ ಸಾರ್,” ಎಂದರು ಮನೆ ತೋರಿಸಿದವರು. ದಾಟುವ ಕಾಲಿದ್ದರೆ ನಾವು ಬರುತ್ತಲೇ ಇರಲಿಲ್ಲ. ಕಾರ್ಕಳದ್ದು ಒಂದು ಬೋಳು ಬಂಡೆಯ ಮಗ್ಗುಲಲ್ಲಿತ್ತು. ಒಳ್ಳೆಯ ವಾಕಿಂಗ್ ಅಂದರೆ ಅಲ್ಲಿ ಮೇಲೆ ಹತ್ತುವುದು.

“ಮೇಲೆ ಹೋದ್ರೆ ಎಂತ ವ್ಯೂ ಗೊತ್ತುಂಟಾ ಮೇಡಂ? ಸಮುದ್ರದವರೆಗೆ ಕಾಣ್ತದೆ,” ಎಂದರು ಅಲ್ಲಿಯ ಮನೆಯವರು.

“ನಾಯಿಗೆ ವ್ಯೂ ಬೇಡ,” ಎಂದಳು ಹೆಂಡತಿ. ಬಿಸಿಲಿಗೆ ಕಾದ ಬಂಡೆಯ ಮೇಲೆ ಅಂಗೈ ಇಟ್ಟು ನೋಡಿ, ತೆಗೆದುಕೊಂಡಳು.

ಕೆಮ್ಮಣ್ಣು ಎಂಬ ಊರಿನಲ್ಲಿ ಹೊಳೆಯ ದಂಡೆ, ತೆಂಗಿನ ತೋಟ, ಕಾಲಿಟ್ಟರೆ ಹೂತುಹೋಗುವಂಥ ಮರಳುಮಣ್ಣು. ಎಲ್ಲವೂ ಸರಿಯಿತ್ತು. ಮನೆಯ ಒಡತಿ, ಕೊಂಕಣಿ ಮಾತಾಡುವ ದೊಡ್ಡ ಕನ್ನಡಕದ ಹೆಂಗಸು, ನಮಗೆ ಕಾಫಿ ಕೊಟ್ಟು, ನಾಯಿಯ ತಲೆ ಸವರಿ, ಕೊನೆಗೆ ಸಂಕಟದಿಂದ ಹೇಳಿದರು: “ನಾಯಿ ಓಕೆ. ಆದ್ರೆ ನಮ್ಮಲ್ಲಿ ಬಾತುಕೋಳಿ ಉಂಟು.”

“ಇವನು ತನ್ನ ಬಾಲ ಹಿಡಿದು ಎಷ್ಟೋ ವರ್ಷ ಆಯಿತು ಅಮ್ಮ,” ಎಂದೆ.

“ಹಿಡಿಯುವುದು ಬೇಡ. ನೋಡಿದ್ರೆ ಸಾಕು, ಮೊಟ್ಟೆ ಇಡುವುದು ನಿಲ್ಲಿಸ್ತವೆ.”

ಅದಾದ ಮೇಲೆ ಇನ್ನಂಜೆಯ ಮನೆಗೆ ಫೋನ್ ಮಾಡಿದ್ದು. ಬಹಳ ಕಾಲ ಗಲ್ಫಿನಲ್ಲಿದ್ದು ಬಂದವರು, ಅಂಗಳದ ಬದಿಯ ಹಳೆಯ ಭತ್ತದ ಕೋಣೆಗೆ ಬಚ್ಚಲು ಸೇರಿಸಿ ಬಾಡಿಗೆಗೆ ಕೊಡುತ್ತಿದ್ದರು. “ನಾಯಿಯಾ? ತನ್ನಿ ಮಾರಾಯ್ರೆ. ನಮ್ಮದೂ ಉಂಟು. ಹಗಲು ಕಟ್ಟಿಯೇ ಇರ್ತದೆ, ಹೆದರುವುದು ಬೇಡ. ವಾಕಿಂಗಿಗೆ ಇಡೀ ಬೈಲು ಉಂಟಲ್ಲ. ಕಟಾವು ಆಗಿದೆ, ಯಾರ ಗದ್ದೆಯಲ್ಲಿ ಬೇಕಾದ್ರೂ ನಡೆಯಿರಿ.”

ಆಯ್ಕೆ ಮಾಡಿದೆವು ಎನ್ನುವುದು ದೊಡ್ಡ ಮಾತು. ಹುಡುಕಿ ಸಾಕಾಗಿತ್ತು, ಅವರು ಬನ್ನಿ ಎಂದರು, ಹೋದೆವು.

ಬೈಲು ನಿಜವಾಗಿಯೂ ಚೆನ್ನಾಗಿತ್ತು. ಅಂಗಳದ ಕೆಳಗೆ ಭತ್ತದ ಗದ್ದೆಗಳು, ಕೊಯ್ದ ಕೂಳೆ, ಒಳಗಿನ್ನೂ ತೇವ ಹಿಡಿದ ಮಣ್ಣು. ಬೈಲಿನ ಅಂಚಿನುದ್ದಕ್ಕೂ ಸಾಲಾಗಿ ಮನೆಗಳು. ಯಜಮಾನರು ಕೋಣೆಯ ಕೀಲಿ ಕೊಡುತ್ತ ಹೇಳಿದ್ದು ಒಂದೇ ಮಾತು: “ಎಲ್ಲಿ ಬೇಕಾದ್ರೂ ಹೋಗಿ. ಸಂಜೆ ದೀಪ ಹಚ್ಚುವ ಮುಂಚೆ ಬಂದುಬಿಡಿ.”

ಮೊದಲ ಸಂಜೆ ಬಂದುಬಿಟ್ಟೆವು. ನಾಯಿಯನ್ನು ಹಳೆಯ ಬೆಡ್‌ಶೀಟಿನಲ್ಲಿ ತೊಟ್ಟಿಲ ಹಾಗೆ ಹಿಡಿದು ಗದ್ದೆಗೆ ಒಯ್ದಿದ್ದೆವು. ಅವನು ಕೂಳೆಯ ನಡುವೆ ಮಲಗಿ ಮಣ್ಣು ಮೂಸಿದ, ಏಳಲಿಲ್ಲ. ಹಾಗೆಯೇ ತಂದು ಅಂಗಳದಲ್ಲಿ ಇಳಿಸಿದಾಗ ತುಳಸಿಕಟ್ಟೆಯ ಬುಡದಲ್ಲೇ ಉಚ್ಚೆ ಹೊಯ್ದುಬಿಟ್ಟ. ಯಜಮಾನರ ಮನೆಯಾಕೆ ಆಗಷ್ಟೇ ದೀಪ ಹಿಡಿದು ಹೊರಗೆ ಬರುತ್ತಿದ್ದರು. ದೀಪ ಕೆಳಗಿಟ್ಟು, ಒಂದು ಕೊಡ ನೀರು ತಂದು ಸುರಿದರು. ನಮಗೆ ಮುಖ ಎತ್ತಲಾಗಲಿಲ್ಲ. ಆ ರಾತ್ರಿ ಬೈಲಿನಲ್ಲಿ ನಾಯಿಗಳು ಬೊಗಳಿದವು. ಬೊಗಳದ ಊರು ಎಲ್ಲಿದೆ ಎಂದುಕೊಂಡು ಮಲಗಿದೆವು.

ನಾವು ಮಣಿಪಾಲದಲ್ಲಿ ಇಷ್ಟು ವರ್ಷ ಇದ್ದೂ ತುಳುವನ್ನು ಕೇಳಿಸಿಕೊಂಡವರೇ ಹೊರತು ಆಡಿದವರಲ್ಲ. ಊರಿನ ರೀತಿಗಳ ವಿಷಯದಲ್ಲಿಯೂ ಹಾಗೆಯೇ. ಮರುದಿನ ಸಂಜೆ ಹೆಂಡತಿ ಹೇಳಿದಳು, “ದೀಪ ಹಚ್ಚುವಾಗ ನಾಯಿ ಅಂಗಳದಲ್ಲಿ ಇರುವುದು ಅವರಿಗೆ ಇಷ್ಟ ಇಲ್ಲ. ಬಾಯಿ ಬಿಟ್ಟು ಹೇಳುವುದು ಹೇಗೆ, ಪಾಪ. ಆ ಹೊತ್ತಿಗೆ ನಾವು ಗದ್ದೆಯಲ್ಲೇ ಇದ್ದುಬಿಡುವ. ಎಲ್ಲ ಮುಗಿದ ಮೇಲೆ ಮೆಲ್ಲ ಬರುವ.” ಅಥವಾ ಇದನ್ನು ಹೇಳಿದ್ದು ನಾನೇ. ಅವಳು ಬೆರಳು ತೋರಿಸುವುದು ನನ್ನ ಕಡೆಗೇ. ಯಾರು ಹೇಳಿದ್ದರೂ ಇನ್ನೊಬ್ಬರಿಗೆ ಅದು ಬಹಳ ಸೂಕ್ಷ್ಮದ ಮಾತೆಂದು ತೋರಿತು.

ಹಾಗಾಗಿ ಕತ್ತಲಾಗುವ ಹೊತ್ತಿಗೆ ನಾವು ಬೈಲಿನ ನಟ್ಟನಡುವೆ ಕೂತಿದ್ದೆವು. ನಾಯಿ ಬೆಡ್‌ಶೀಟಿನ ಮೇಲೆ ಗದ್ದ ಊರಿ ಮಲಗಿದ್ದ. ಆ ದಿನವೂ ಎದ್ದಿರಲಿಲ್ಲ. ಅಂಚಿನ ಮನೆಗಳಲ್ಲಿ ಒಂದೊಂದೇ ದೀಪ ಕಂಡಿತು. ಹಿಂದೆಯೇ ಒಂದು ಮನೆಯಿಂದ ಸರಪಳಿ ಕಳಚಿದ ಸದ್ದು. ಒಂದು ಕರಿ ನಾಯಿ ಗದ್ದೆಗೆ ಧುಮುಕಿ, ನಮ್ಮನ್ನು ಕಂಡು ನಿಂತು, ಬೊಗಳತೊಡಗಿತು.

ಯಜಮಾನರ ಮನೆಯಾಕೆ ಅಂಗಳದ ತುದಿಗೆ ಬಂದರು. ಕಣ್ಣು ಕಿರಿದು ಮಾಡಿ ನೋಡಿದವರು ಪಕ್ಕದ ಮನೆಯತ್ತ ತಿರುಗಿ ಕೂಗಿದರು: “ನಾಯಿನ್ ಬುಡೊಡ್ಚಿ! ನಾಯಿನ್ ಬುಡೊಡ್ಚಿ!” ನಾಯಿ ಬಿಡಬೇಡಿ. ಪಕ್ಕದ ಮನೆಯವರು ಅದನ್ನೇ ಅವರ ಆಚೆಯವರಿಗೆ ಕೂಗಿದರು, ಅವರು ಮುಂದಿನವರಿಗೆ. ಕೂಗು ಬೈಲನ್ನು ಸುತ್ತಿತು. ಯಾರೋ ಓಡಿಬಂದು ಕರಿ ನಾಯಿಯ ಕುತ್ತಿಗೆ ಹಿಡಿದು ಎಳೆದುಕೊಂಡು ಹೋದರು. ಬಿಡುವ ಹೊತ್ತಿಗೆ ಬಿಡದ್ದಕ್ಕೆ ಎಲ್ಲ ಮನೆಗಳ ನಾಯಿಗಳೂ ಒಟ್ಟಿಗೆ ಅರಚತೊಡಗಿದವು.

ಯಜಮಾನರು ಟಾರ್ಚ್ ಹಿಡಿದು ಗದ್ದೆಯ ಬದುವಿನ, ಇಲ್ಲಿಯವರ ಮಾತಿನಲ್ಲಿ ಹುಣಿಯ, ಮೇಲೆ ಬಿರಬಿರನೆ ಬಂದರು. “ಎಂತ ಮಾರಾಯ್ರೆ ನೀವು! ದೀಪಕ್ಕೆ ಮುಂಚೆ ಬನ್ನಿ ಅಂತ ಹೇಳಿದ್ದಲ್ವಾ?”

“ದೀಪ ಹಚ್ಚುವಾಗ ನಿಮಗೆ ತೊಂದರೆ ಆಗಬಾರದು ಅಂತ...”

“ದೀಪಕ್ಕೆ ಎಂತ ತೊಂದರೆ? ದೀಪ ಹಚ್ಚಿದ ಮೇಲೆ ಊರಿನ ನಾಯಿ ಬಿಡುವುದು. ಬೆಳಿಗ್ಗೆವರೆಗೆ ಬೈಲು ಅವುಗಳದ್ದು. ಇಷ್ಟು ಸಹ ಗೊತ್ತಿಲ್ವಾ? ಎತ್ತಿಕೊಳ್ಳಿ, ಬೇಗ.”

ನಾನು ಬಗ್ಗಿದೆ. ಸೊಂಟದಲ್ಲಿ ಆ ಹಳೆಯ ನೋವು ಚುಚ್ಚಿತು. ಕೈ ಅವನ ಹೊಟ್ಟೆಯ ಕೆಳಗೆ ಹೋಗುವಷ್ಟರಲ್ಲಿ ನಾಯಿ ನನ್ನನ್ನು ತಲೆಯಿಂದ ದೂಡಿದ. ಕಿವಿ ನೆಟ್ಟಗಾಗಿತ್ತು. ಮುಂಗಾಲು ಊರಿದ. ಹಿಂಗಾಲಿನ ಉಗುರು ಕೂಳೆಯ ಬೇರಿಗೆ ಸಿಕ್ಕಿ, ಜಾರದೆ, ಹಿಡಿಯಿತು. ಎದ್ದ. ನಡುಗುತ್ತ ನಿಂತ. ಆಮೇಲೆ ಮನೆಯ ಕಡೆಗಲ್ಲ, ಬೊಗಳಾಟ ಜೋರಾಗಿದ್ದ ಕಡೆಗೆ ಹೆಜ್ಜೆ ಇಟ್ಟ.

“ಇವ ಎಲ್ಲಿಗೆ? ಜಗಳಕ್ಕಾ?” ಎಂದರು ಯಜಮಾನರು.

“ಎತ್ತಬೇಡಿ,” ಎಂದಳು ಹೆಂಡತಿ. “ಯಾರೂ ಎತ್ತಬೇಡಿ.”

ಯಾರೂ ಎತ್ತಲಿಲ್ಲ. ಅವಳು ಮುಂದೆ ಹೋಗಿ ಅಡ್ಡ ನಿಂತು ಅವನನ್ನು ನಮ್ಮ ಅಂಗಳದತ್ತ ತಿರುಗಿಸಿದಳು. ಯಜಮಾನರು ನೆಲಕ್ಕೆ ಬೆಳಕು ಹಿಡಿದರು. ಅವನು ನಾಲ್ಕು ಹೆಜ್ಜೆಗೊಮ್ಮೆ ನಿಂತು, ತನಗಿಂತ ದೊಡ್ಡ ಯಾರನ್ನೋ ಎದುರಿಸುವವನ ಹಾಗೆ ಗುರುಗುಟ್ಟಿ, ಮತ್ತೆ ನಡೆದ. ಸಾಲಿನ ಮನೆಯವರೆಲ್ಲ ಸರಪಳಿ ಹಿಡಿದು ಅಂಗಳದಲ್ಲಿ ನಿಂತಿದ್ದರು. ಇನ್ನೂ ಎಷ್ಟು ಹೊತ್ತು, ನಮ್ಮದು ಕಂಬವನ್ನೇ ಕಿತ್ತೀತು ಎಂದು ಒಬ್ಬರು ತುಳುವಿನಲ್ಲಿ ಕೂಗಿದರು. ಮುದುಕ ಬರ್ತಾ ಇದ್ದಾನೆ, ನಿಲ್ಲು ಎಂದು ಯಜಮಾನರು ತುಳುವಿನಲ್ಲೇ ಬೈದರು. ಯಾರೋ ನಕ್ಕರು.

ಅಂಗಳದವರೆಗೂ ನಡೆದ ಎನ್ನುತ್ತಾಳೆ ಹೆಂಡತಿ. ಕೊನೆಯ ಹುಣಿಯ ಬಳಿ ಕೂತ, ಅಲ್ಲಿಂದ ನಾನು ಎತ್ತಿದೆ ಎಂದು ನನ್ನ ಲೆಕ್ಕ. ಆ ಭಾರ ಈಗಲೂ ತೋಳಿನಲ್ಲಿದೆ. ಆದರೆ ತೋಳನ್ನು ನಂಬುವುದು ಹೇಗೆ? ಅದಕ್ಕೆ ಎಷ್ಟೋ ಸಂಜೆಗಳ ಭಾರ ಅಂಟಿಕೊಂಡಿದೆ. ಯಜಮಾನರನ್ನು ಕೇಳಬಹುದಿತ್ತು. ಕೇಳಿಲ್ಲ.

ಸಂತೋಷವಾಯಿತು ಎಂದು ಬರೆಯುವ ಜಾಗ ಇದು. ನನಗೆ ಆಗ ಹೊಳೆದದ್ದು ಮಾತ್ರೆ, ಮೆಟ್ಟಿಲು, ಮುಂದಿನ ಮಳೆಗಾಲದಲ್ಲಿ ಒದ್ದೆ ನಾಯಿಯನ್ನು ಹೊತ್ತು ಹತ್ತುವುದು. ಇನ್ನೂ ಎಷ್ಟು ಕಾಲ. ಹೆಂಡತಿ ಜಗಲಿಯಲ್ಲಿ ಕೂತು ಅವನ ಹಿಂಗಾಲಿನ ಮಣ್ಣು ಒರೆಸುತ್ತಿದ್ದಳು. ಉಗುರಿನ ಸಂದಿಯ ಮಣ್ಣನ್ನು ಹಾಗೆಯೇ ಬಿಟ್ಟಳು. ನನ್ನ ಮುಖ ನೋಡಿದಳು. ಡಾಕ್ಟರಿಗೆ ಫೋನ್ ಮಾಡುವ ಮಾತನ್ನು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಮನೆಯಾಕೆ ಅಂಗಳದ ತುದಿಗೆ ಹೋಗಿ ಇನ್ನು ಬಿಡಬಹುದೆಂದು ಕೂಗಿದರು. ಸರಪಳಿಗಳು ಕಳಚಿದವು. ಕೆಳಗೆ ಕತ್ತಲಲ್ಲಿ ನಾಯಿಗಳು ಓಡಿಬಂದು, ನಮ್ಮವನು ನಡೆದ ಜಾಡು ಸಿಕ್ಕಿ, ಮೂಸುತ್ತ ಅಲ್ಲಲ್ಲೇ ಸುತ್ತುವ ಸದ್ದು ಕೇಳುತ್ತಿತ್ತು.

ಯಜಮಾನರು ಟಾರ್ಚ್ ಆರಿಸಿ ಒಳಗೆ ಹೊರಟವರು ಬಾಗಿಲಲ್ಲಿ ನಿಂತರು.

“ನಾಳೆ ಬಿಸಿಲು ಇಳಿಯುವಾಗಲೇ ಹೊರಡಿ, ಆಯ್ತಾ? ಇವ ನಡೆಯುವ ಅಂದಾಜು ನೋಡಿದ್ರೆ ನಿಮಗೆ ಟೈಮು ಸಾಕಾಗ್ಲಿಕ್ಕಿಲ್ಲ.”

“ಆಯ್ತು,” ಎಂದೆ.