ಮುದ್ದೆಯೊಳಗಿನ ಮಾತ್ರೆ

ಕಿಕ್ಕೇರಿಯಲ್ಲಿ ನಮ್ಮ ಬೀದಿಯ ಮಕ್ಕಳಿಗೆಲ್ಲ ಮುದ್ದೆ ನುಂಗುವುದನ್ನು ಕಲಿಸಿದವಳು ಪಕ್ಕದ ಮನೆಯಾಕೆ. ತುತ್ತು ಸಿಕ್ಕಿಕೊಂಡರೆ ಎದೆ ಸವರಿ, "ಇಳೀತದೆ ಬುಡು" ಅನ್ನುತ್ತಿದ್ದಳು.

ತನ್ನ ತಂಗಿ ಸತ್ತ ಮೇಲೆ ಅವಳೊಳಗೆ ದಿಗಿಲು ಹೊಕ್ಕಿತು. ಅವಳಿಗೇ ತುತ್ತು ಇಳಿಯದಾಯಿತು.

"ದೊಡ್ಡ ತುತ್ತು ನುಂಗು, ತಳ್ಕೊಂಡೋಯ್ತದೆ" ಎಂದರು ನಮ್ಮ ಬೀದಿಯವರು. ಅದೂ ಎದೆಯಲ್ಲೇ ನಿಂತಿತು.

ಡಾಕ್ಟರು ಪರೀಕ್ಷಿಸಿ, "ಅನ್ನನಾಳದಲ್ಲಿ ಅಡ್ಡ ಏನೂ ಇಲ್ಲಮ್ಮ, ದಿಗಿಲೇ ಅದನ್ನ ಬಿಗಿಹಿಡಿದಿದೆ" ಎಂದು ಮನಸ್ಸಿಗೆ ಮಾತ್ರೆ ಕೊಟ್ಟರು. ಆ ಮಾತ್ರೆಯೂ ಅದೇ ದಾರಿಯಲ್ಲಿ ಇಳಿಯಬೇಕಲ್ಲ!

ಅವಳು ಬಿಸಿ ಮುದ್ದೆಯಲ್ಲಿ ಗೋಲಿಯಷ್ಟು ಮುರಿದು, ಮಾತ್ರೆಯನ್ನು ಅದರೊಳಗೆ ಮುಚ್ಚಿ, ಬಸ್ಸಾರಿನಲ್ಲಿ ಅದ್ದಿದಳು. ತನ್ನೆದೆಯನ್ನು ತಾನೇ ಸವರಿಕೊಳ್ಳುತ್ತ, ಹೆದರಿದ ಮಗುವಿಗೆ ಹೇಳುವಂತೆ, "ಇಳೀತದೆ ಬುಡು" ಎಂದಳು.

ಕಣ್ಣು ಮುಚ್ಚಿ ನುಂಗಿದಳು. ಎದುರಿಗೆ ಕೂತಿದ್ದ ನಾನೂ ನುಂಗಿದೆ, ಬಾಯಲ್ಲಿ ಏನೂ ಇಲ್ಲದೆ.