ಆರಾಮ ಅದೀರೇನ್ರಿ?

"ಬಾಮ್ಮಾ ಇಲ್ಲಿ, ಹೆಸ್ರೇನು?"

ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಸೇರಿದ ದಿನ ಸೂಪರ್‌ವೈಸರ್ ಮಂಜುಳಾ ಮೇಡಂ ಹೀಗೆ ಕರೆದಾಗ ಕೆನ್ನೆಗೆ ಬಾರಿಸಿದಂತಾಯಿತು. ನನಗಿಂತ ಎಷ್ಟೋ ಚಿಕ್ಕವರು. ಕುಷ್ಟಗಿ ಕಡೆಯ ನಮ್ಮೂರಲ್ಲಿ ಜಗಳಕ್ಕೆ ನಿಂತವರೂ ಮಾತಿನ ಕೊನೆಗೊಂದು 'ರಿ' ಹಚ್ಚುತ್ತಾರೆ. ಇಲ್ಲಿ ಆ 'ಅಮ್ಮ'ನೇ ಮರ್ಯಾದೆ ಎಂದು ತಿಳಿಯಲು ತಿಂಗಳು ಹಿಡಿಯಿತು.

ನಾನು "ಆರಾಮ ಅದೀರೇನ್ರಿ?" ಅಂದರೆ ಪಕ್ಕದ ಮಿಷಿನ್ನಿನವರು ಕಿಸಕ್ಕನೆ ನಗುತ್ತಿದ್ದರು. ತಲೆ ತಗ್ಗಿಸಿದೆ, ಆ ಮಾತನ್ನೇ ಬಿಟ್ಟೆ. "ತಿಂಡಿ ಆಯ್ತಾ?" ಕಲಿತೆ. ಬಸ್ಸಿನಲ್ಲಿ ಬಾಯೊಳಗೇ ಅಂದುಕೊಂಡು 'ಬಂದ್ಬಿಟ್ಟೆ', 'ಮಾಡ್ತೀನಿ' ರೂಢಿಸಿಕೊಂಡೆ. ವರ್ಷ ಕಳೆಯುವುದರೊಳಗೆ ಯಾರೂ ನನ್ನ ಊರು ಕೇಳದಂತಾಯಿತು. ಗೆದ್ದೆ ಅಂದುಕೊಂಡೆ.

ಆಮೇಲೆ ನಮ್ಮ ಪಕ್ಕದೂರಿನ ರೇಣುಕಾ ಅದೇ ಗಾರ್ಮೆಂಟ್ಸಿಗೆ ಬಂದು ಸೇರಿದಳು. ಹೆಬ್ಬಗೋಡಿಯ ನನ್ನ ಕೋಣೆಯಲ್ಲೇ ಉಳಿದುಕೊಂಡಳು. ಮಾತು ಎಳ್ಳಷ್ಟೂ ಬದಲಿಸಲಿಲ್ಲ. ಯಾರಾದರೂ ನಕ್ಕರೆ ಅವರಿಗಿಂತ ಜೋರಾಗಿ ತಾನೇ ನಗುತ್ತಿದ್ದಳು. ನನ್ನನ್ನು ಆಡಿಕೊಂಡವರೇ ಊಟದ ಹೊತ್ತಿಗೆ ಅವಳ ಸುತ್ತ ಕೂರತೊಡಗಿದರು. ನಾನು ಡಬ್ಬಿ ಹಿಡಿದು ದೂರ ಹೋಗಿ ಕೂರುತ್ತಿದ್ದೆ.

ನಮ್ಮ ಅಂಗಿಗಳನ್ನು ಕೊಳ್ಳುವ ವಿದೇಶದವರು ನೋಡಲು ಬರುವ ದಿನ ಹೂವು ಕೊಡಲು ಮೇಡಂ ಆರಿಸಿದ್ದು ರೇಣುಕಾಳನ್ನೇ.

"ಅಕ್ಕಾ, ಅವ್ರು ಏನರ ಕೇಳಿದ್ರ ಏನನ್ಲಿ?" ಎಂದು ಹಿಂದಿನ ರಾತ್ರಿ ಕೋಣೆಯಲ್ಲಿ ಕೇಳಿದಳು.

ಹತ್ತನೇ ಕ್ಲಾಸು ಓದಿದ ನನಗೆ ಉತ್ತರ ಗೊತ್ತಿತ್ತು.

"ಏನೂ ಅನ್ನಬ್ಯಾಡ. ಸುಮ್ನ ನಗು," ಅಂದೆ.

ಮರುದಿನ ಆ ವಿದೇಶಿ ಹೆಂಗಸು ಹೂವು ತಗೊಂಡು "ಹೌ ಆರ್ ಯು?" ಎಂದಳು. ರೇಣುಕಾ ಪೆಚ್ಚಾಗಲೆಂದು ನಾನು ಕಾದೆ. ಅವಳು ಕೈಮುಗಿದು, "ಆರಾಮ ಅದೀನ್ರಿ. ನೀವು ಆರಾಮ ಅದೀರೇನ್ರಿ?" ಅಂದಳು. ಆ ಹೆಂಗಸೂ ತೊದಲುತ್ತಾ "ಆರಾಮ್" ಎಂದದ್ದೇ ತಡ, ಇಡೀ ಫ್ಲೋರು ಚಪ್ಪಾಳೆ ತಟ್ಟಿತು.

"ನೀ ನಗು ಅಂದಿದ್ದಿ ಅಕ್ಕಾ, ನನಗ ಸುಮ್ನಿರಾಕ ಆಗ್ಲಿಲ್ಲ ನೋಡು," ಎಂದು ಸಂಜೆ ಅವಳೇ ಸಮಾಧಾನ ಹೇಳಿದಳು. ನಾನು ಗೋಡೆ ಕಡೆ ತಿರುಗಿ ಕೂತೆ.

ಈಗ ಬೆಳಿಗ್ಗೆ ಮೇಡಂ ಕೂಡ ಅವಳಿಗೆ "ಆರಾಮೇನ್ರಿ?" ಅನ್ನುತ್ತಾರೆ. ಅವಳ ಹಿಂದೆಯೇ ಬರುವ ನನಗೆ "ತಿಂಡಿ ಆಯ್ತಾಮ್ಮಾ?" ಹೊಟ್ಟೆ ಉರಿಯುತ್ತದೆ. ಅದು ನನ್ನ ಮಾತೂ ಆಗಿತ್ತಲ್ಲ!

ಕಳೆದ ವಾರ ತಡೆಯಲಾರದೆ, ಹೊಸದಾಗಿ ಸೇರಿದ ಬೊಮ್ಮನಹಳ್ಳಿಯ ಹುಡುಗಿಗೆ "ಆರಾಮ ಅದೀಯೇನವಾ?" ಎಂದೆ.

"ಅಯ್ಯೋ ಅಕ್ಕಾ, ರೇಣುಕಕ್ಕನ ಥರ ಮಾತಾಡ್ತೀರಾ? ನಿಮಗ್ ಬರಲ್ಲ ಬಿಡಿ!" ಎಂದು ನಕ್ಕಳು.

"ನಾನೂ ಆ ಕಡೆಯವಳೇ ಕಣೇ," ಅಂದೆ.

ಅವಳು ನಂಬಲಿಲ್ಲ.